ಸ್ವಂತ ವಾಕ್ಯದಲ್ಲಿ ಬಳಸಿರಿ



ನಮ್ಮ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ‘ಈ ಕೆಳಗಿನ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ’ ಎಂಬ ಪ್ರಶ್ನೆ ಇರುತ್ತಿತ್ತು. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಎಂಜಿನಿಯರ್ ಆದ ಮೇಲೂ ಆ ಪ್ರಶ್ನೆ ನನ್ನ ಜೊತೆಗಿದೆ. ಹೇಗೆಂದು ಒಂದೇ ಪದ ಇಟ್ಟುಕೊಂಡು ಹೇಳುತ್ತೇನೆ.

ನಮ್ಮ ಕೆಲಸದಲ್ಲಿ ‘ಐಡೆಂಪೊಟೆಂಟ್’ ಎಂಬ ಪದವಿದೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರಲ್ಲೂ ಅನೇಕರು ಇದನ್ನು ಕೇಳಿರುವುದಿಲ್ಲ. ಅಮೆರಿಕದ ಗಣಿತಜ್ಞ ಬೆಂಜಮಿನ್ ಪರ್ಸ್ 1870ರಲ್ಲಿ ಇದನ್ನು ಬಳಕೆಗೆ ತಂದರು. ಲ್ಯಾಟಿನ್ ಭಾಷೆಯಲ್ಲಿ ‘ಇಡೆಮ್’ ಎಂದರೆ ಅದೇ, ‘ಪೊಟೆನ್ಸ್’ ಎಂದರೆ ಶಕ್ತಿಯುಳ್ಳದ್ದು. 1ನ್ನು 1ರಿಂದ ಎಷ್ಟು ಸಲ ಗುಣಿಸಿದರೂ 1. ಆದರೆ 2 ಹಾಗಲ್ಲ. 4, 8, 16 ಎಂದು ಬೆಳೆಯುತ್ತದೆ. ಆದ್ದರಿಂದ 1 ಐಡೆಂಪೊಟೆಂಟ್, 2 ಅಲ್ಲ.

ಕಂಪ್ಯೂಟರಿನವರು ಈ ಪದವನ್ನು ಕೆಲಸಗಳಿಗೆ ಅನ್ವಯಿಸಿದರು. ಒಂದು ಸಲ ಮಾಡಿದರೂ ಹತ್ತು ಸಲ ಮಾಡಿದರೂ ಫಲ ಅಷ್ಟೇ ಆದರೆ ಆ ಕೆಲಸ ಐಡೆಂಪೊಟೆಂಟ್. ಅರ್ಥವಾಯಿತು. ಈಗ ವಾಕ್ಯ ಮಾಡೋಣ.

‘ಬಸ್ಸಿನ ಸೀಟಿಗೆ ಟವೆಲ್ ಹಾಕುವುದು ಐಡೆಂಪೊಟೆಂಟ್.’ ಒಂದರ ಮೇಲೊಂದು ನಾಲ್ಕು ಟವೆಲ್ ಹಾಕಿದರೂ ಸಿಗುವುದು ಒಂದೇ ಸೀಟು!

‘ಚಹಾಕ್ಕೆ ಸಕ್ಕರೆ ಹಾಕುವುದು ಐಡೆಂಪೊಟೆಂಟ್ ಅಲ್ಲ.’ ಅಮ್ಮ ಒಮ್ಮೆ, ಅಕ್ಕ ಒಮ್ಮೆ ಹಾಕಿದರೆ ಕುಡಿಯುವವರಿಗೆ ಗೊತ್ತಾಗುತ್ತದೆ.

‘ನಮ್ಮ ಹುಡುಗ ಐಡೆಂಪೊಟೆಂಟ್.’ ಈ ವಾಕ್ಯ ತಪ್ಪು. ಈ ಪದ ಮಾಡುವ ಕೆಲಸಕ್ಕೆ ಅಂಟುತ್ತದೆ, ಮಾಡುವ ಮನುಷ್ಯನಿಗಲ್ಲ.

ಲೆಕ್ಕದ ಪುಸ್ತಕಕ್ಕೆ ಬನ್ನಿ. ‘ಬಾಕಿ 500 ಎಂದು ಬರೆ’ ಎನ್ನುವುದು ಐಡೆಂಪೊಟೆಂಟ್. ‘ಬಾಕಿಗೆ 500 ಸೇರಿಸು’ ಎನ್ನುವುದು ಅಲ್ಲ. ಎರಡನೆಯದನ್ನು ಎರಡು ಸಲ ಮಾಡಿದರೆ ಬಡವನ ತಲೆಯ ಮೇಲೆ ಸಾವಿರ ಕೂರುತ್ತದೆ.

ಕೊನೆಯ ವಾಕ್ಯ: ‘ಫೋನಿನಿಂದ ಹಣ ಕಳಿಸುವ ಕೋರಿಕೆ ಐಡೆಂಪೊಟೆಂಟ್ ಆಗಿರಬೇಕು.’ ಗೊಬ್ಬರದ ಅಂಗಡಿಯಲ್ಲಿ ರೈತರೊಬ್ಬರು 2,000 ರೂಪಾಯಿ ಕಳಿಸುವಾಗ ನೆಟ್‌ವರ್ಕ್ ಹೋಯಿತು ಎನ್ನಿ. ಹಣ ತಲುಪಿತೋ ಇಲ್ಲವೋ ಫೋನಿಗೂ ತಿಳಿಯದು. ಅದು ಅದೇ ಕೋರಿಕೆಯನ್ನು ಮತ್ತೆ ಕಳಿಸಬಹುದು. ಹಾಗಾಗಿ ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಕೊಟ್ಟಿರುತ್ತೇವೆ. ಅದೇ ಸಂಖ್ಯೆ ಮತ್ತೆ ಬಂದರೆ ಆ ಕಡೆಯ ಕಂಪ್ಯೂಟರ್ ಇನ್ನೊಮ್ಮೆ ಹಣ ಕಡಿಯದೆ ಹಿಂದಿನ ಉತ್ತರವನ್ನೇ ಹೇಳಬೇಕು. ಆದರೆ ಹಿರಿಯರೇ, ನೀವೇ ಹೊಸದಾಗಿ ಸ್ಕ್ಯಾನ್ ಮಾಡಿ ಕಳಿಸಿದರೆ ಹೊಸ ಸಂಖ್ಯೆ ಹುಟ್ಟುತ್ತದೆ, ಅದು ಎರಡನೇ ಪಾವತಿಯೇ. ಮೊದಲಿನದು ಏನಾಯಿತೆಂದು ನೋಡಿಕೊಂಡೇ ಮತ್ತೆ ಕಳಿಸಿ.

ಮಕ್ಕಳೇ, ಮುಂದೆ ಪಿಯುಸಿ ವಿಜ್ಞಾನಕ್ಕೆ ಹೋದಾಗ ಇಂಥ ಪದಗಳು ರಾಶಿರಾಶಿಯಾಗಿ ಬರುತ್ತವೆ. ಹೆದರಿ ಓದು ಬಿಡಬೇಡಿ, ಅರ್ಥವನ್ನು ಬರೀ ಬಾಯಿಪಾಠವೂ ಮಾಡಬೇಡಿ. ಪ್ರತಿ ಪದಕ್ಕೂ ಮೂರು ವಾಕ್ಯ ಬರೆಯಿರಿ: ಹೌದು ಎನ್ನುವುದೊಂದು, ಅಲ್ಲ ಎನ್ನುವುದೊಂದು, ಪದ ಹೊಂದದೇ ಇರುವುದೊಂದು. ಕನ್ನಡದಲ್ಲೇ ಬರೆಯಿರಿ. ಮೂರನ್ನೂ ಬರೆಯಲು ಬಂದರೆ ಆ ಪದ ಲ್ಯಾಟಿನ್ನಿನಿಂದ ಬಂದಿದ್ದರೂ ನಿಮ್ಮದೇ.

ಐವತ್ತು ವರ್ಷಗಳಿಂದ ಈ ಊರಿನ ಮಕ್ಕಳ ಕೈಯಲ್ಲಿ ಸ್ವಂತ ವಾಕ್ಯ ಬರೆಸಿದ ಎಲ್ಲ ಗುರುಗಳಿಗೆ ನಮಿಸಿ, ನನ್ನ ಮಾತು ಮುಗಿಸುತ್ತೇನೆ.