ಮದ್ದು ಬರೆಯದ ಆರೋಗ್ಯ ವಿದ್ಯೆ
(ಜುಮಾ ನಮಾಝಿಗೆ ಮುನ್ನ ನೀಡಿದ ಪ್ರವಚನದ ಸಾರ)

 



ಕಳೆದ ತಿಂಗಳು ಒಂದು ದಿನ ಇಶಾ ನಮಾಝ್ ಮುಗಿದ ಮೇಲೆ ನಮ್ಮ ಜಮಾಅತಿನ ಒಬ್ಬರು ನನ್ನ ಕೊಠಡಿಗೆ ಬಂದು ಕುಳಿತರು. ಅವರಿಗೆ ಮೂವರು ಹೆಣ್ಣುಮಕ್ಕಳು. ಹಿರಿಯವಳು ಬಿಎಸ್ಸಿ ನರ್ಸಿಂಗ್ ಮುಗಿಸಿ ಎರಡು ವರ್ಷ ಆಸ್ಪತ್ರೆಯಲ್ಲಿ ದುಡಿದಿದ್ದಾಳೆ. ಈಗ ಎಂಪಿಎಚ್ ಓದಬೇಕೆಂದು ಹಟ ಹಿಡಿದಿದ್ದಾಳಂತೆ. "ಉಸ್ತಾದ್, ಎಂಬಿಬಿಎಸ್ ಗೊತ್ತು, ಫಾರ್ಮಸಿ ಗೊತ್ತು. ಇದೇನಿದು? ಎರಡು ವರ್ಷ ಓದಿದರೂ ಡಾಕ್ಟರ್ ಆಗುವುದಿಲ್ಲವಂತೆ, ಮದ್ದು ಬರೆಯಲಿಕ್ಕೂ ಇಲ್ಲವಂತೆ. ಸಂಬಂಧ ಕೇಳಿಕೊಂಡು ಬರುವವರಿಗೆ ನಾನು ಏನು ಹೇಳಲಿ? ನೀವೊಮ್ಮೆ ಅವಳಿಗೆ ಬುದ್ಧಿ ಹೇಳಿ" ಎಂದರು.

ನಿಜ ಹೇಳಬೇಕೆಂದರೆ ಆ ಕೋರ್ಸಿನ ಬಗ್ಗೆ ನನಗೂ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ಬುದ್ಧಿ ಹೇಳುವುದು ಹೇಗೆ? ಮಗಳನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಬನ್ನಿ ಎಂದೆ. ಮರುದಿನ ಅಸರ್ ಬಳಿಕ ಮೂವರೂ ಬಂದರು. ನಾನು ಮಾತು ಆರಂಭಿಸುವ ಮೊದಲೇ ಆ ಹುಡುಗಿ, "ಉಸ್ತಾದ್, ಮಸೀದಿಯ ಹಿಂದಿನ ಹಳೆಯ ನೀರಿನ ತೊಟ್ಟಿಗೆ ಮುಚ್ಚಳ ಇಲ್ಲ, ನೋಡಿದ್ದೀರಾ?" ಎಂದು ಕೇಳಿದಳು. ನೋಡಿರಲಿಲ್ಲ. ಟಾರ್ಚ್ ಹಿಡಿದು ಹೋಗಿ ನೋಡಿದರೆ ನೀರಿನ ತುಂಬ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದವು. ಕಳೆದ ಮಳೆಗಾಲದಲ್ಲಿ ನಮ್ಮ ಓಣಿಯಲ್ಲಿ ಡೆಂಗಿ ಬಂದದ್ದು ನಿಮಗೆ ನೆನಪಿದೆ. ಆ ಹುಡುಗಿ ಯಾವ ಯಾವ ಮನೆಯಲ್ಲಿ ಜ್ವರ ಬಂತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಓಣಿಯ ನಕ್ಷೆ ಬರೆದು ಗುರುತು ಹಾಕಿಟ್ಟಿದ್ದಳು. ಹೆಚ್ಚಿನ ಗುರುತುಗಳು ನಮ್ಮ ತೊಟ್ಟಿಯ ಸುತ್ತಲೂ ಅದರಾಚೆಯ ಹಳೆ ಟಯರ್ ರಾಶಿಯ ಸುತ್ತಲೂ ಇದ್ದವು. ದಿನಕ್ಕೆ ಐದು ಬಾರಿ ವುಳೂ ಮಾಡಿ ಶುದ್ಧರಾಗುವ ನಾವು, ಇಪ್ಪತ್ತು ಹೆಜ್ಜೆ ಹಿಂದೆ ರೋಗ ಸಾಕುತ್ತಿದ್ದೆವು. "ಎಂಪಿಎಚ್‌ನಲ್ಲಿ ಕಲಿಸುವುದು ಇದನ್ನೇ ಉಸ್ತಾದ್, ಇದಕ್ಕಿಂತ ಸರಿಯಾಗಿ" ಎಂದಳು.

ಅಂದಿನಿಂದ ನಾನು ಸ್ವಲ್ಪ ಓದಿದೆ, ಬಲ್ಲವರನ್ನು ಕೇಳಿದೆ. ಅದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಸಹೋದರರೇ, ರೋಗ ಬಂದ ಮೇಲೆ ಒಬ್ಬ ರೋಗಿಗೆ ಮದ್ದು ಕೊಡುವುದು ವೈದ್ಯರ ಕೆಲಸ. ಊರಿಗೆ ಊರೇ ಕಾಯಿಲೆ ಬೀಳದಂತೆ ನೋಡಿಕೊಳ್ಳುವುದು ಸಾರ್ವಜನಿಕ ಆರೋಗ್ಯದ ಕೆಲಸ. ಈ ವಿಚಾರ ನಮ್ಮ ದೀನಿಗೆ ಹೊಸದಲ್ಲ. ನಿಂತ ನೀರಿನಲ್ಲಿ ಮೂತ್ರ ಮಾಡಬಾರದು, ಜನ ನಡೆಯುವ ದಾರಿಯಲ್ಲಿ, ಕುಳಿತುಕೊಳ್ಳುವ ನೆರಳಿನಲ್ಲಿ ಹೊಲಸು ಮಾಡಬಾರದು, ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕು ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಪ್ಲೇಗ್ ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿನಲ್ಲಿ ಅದು ಬಂದರೆ ಅಲ್ಲಿಂದ ಓಡಬೇಡಿ ಎಂಬ ಉಪದೇಶ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ.

ಹಝ್ರತ್ ಉಮರ್(ರ)ರ ಘಟನೆಯನ್ನು ನೀವು ಕೇಳಿದ್ದೀರಿ, ಆದರೆ ಅದರ ಒಂದು ಭಾಗವನ್ನು ನಾವು ಹೆಚ್ಚು ಹೇಳುವುದಿಲ್ಲ. ಅವರು ಶಾಮ್ ಕಡೆಗೆ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ ಮುಂದೆ ಪ್ಲೇಗ್ ಇದೆ ಎಂಬ ಸುದ್ದಿ ಬಂತು. ಖಲೀಫರು ತಾವೇ ನಿರ್ಧರಿಸಲಿಲ್ಲ. ಮೊದಲು ಮುಹಾಜಿರರನ್ನು ಕರೆದು ಕೇಳಿದರು, ಅವರಲ್ಲಿ ಭಿನ್ನಾಭಿಪ್ರಾಯ. ಅನ್ಸಾರರನ್ನು ಕೇಳಿದರು, ಅಲ್ಲೂ ಹಾಗೆಯೇ. ಕೊನೆಗೆ ಕುರೈಶರ ಹಿರಿಯರನ್ನು ಕೇಳಿದಾಗ ಎಲ್ಲರೂ ಒಂದೇ ಮಾತಿನಲ್ಲಿ, ಜನರನ್ನು ಕರೆದುಕೊಂಡು ಹಿಂದಿರುಗಿ ಎಂದರು. ಅಬೂ ಉಬೈದಾ(ರ)ರು, ಅಲ್ಲಾಹನ ವಿಧಿಯಿಂದ ಓಡುತ್ತೀರಾ ಎಂದು ಕೇಳಿದಾಗ, ಹೌದು, ಅವನ ವಿಧಿಯಿಂದ ಅವನದೇ ವಿಧಿಯ ಕಡೆಗೆ ಎಂಬರ್ಥದಲ್ಲಿ ಉಮರ್(ರ)ರು ಉತ್ತರಿಸಿದರು. ಒಂದು ಕಡೆ ಹಸಿರು, ಇನ್ನೊಂದು ಕಡೆ ಬರಡು ಇರುವ ಕಣಿವೆಯಲ್ಲಿ ಒಂಟೆ ಮೇಯಿಸುವವನ ಉದಾಹರಣೆ ಕೊಟ್ಟರು. ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ತಾನೆ. ಬಳಿಕ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು ಆ ಹದೀಸನ್ನು ತಿಳಿಸಿದಾಗ ಉಮರ್(ರ)ರು ಅಲ್ಲಾಹನನ್ನು ಸ್ತುತಿಸಿ ಹಿಂದಿರುಗಿದರು. ಆ ಅಮ್ವಾಸ್ ಪ್ಲೇಗಿನಲ್ಲೇ ಅಬೂ ಉಬೈದಾ(ರ) ತೀರಿಕೊಂಡರು, ಅವರ ಬಳಿಕ ಮುಆದ್ ಬಿನ್ ಜಬಲ್(ರ) ತೀರಿಕೊಂಡರು. ಆಮೇಲೆ ಹೊಣೆ ಹೊತ್ತ ಅಮ್ರ್ ಬಿನ್ ಆಸ್(ರ) ಜನರನ್ನು ಗುಡ್ಡಗಳಿಗೆ ಚದುರಿಸಿದರು. ಗುಂಪು ಸೇರಿದ್ದಲ್ಲಿ ಬೆಂಕಿ ಹರಡುತ್ತದೆ ಎಂಬುದು ಅವರಿಗೆ ಅರ್ಥವಾಗಿತ್ತು.

ಇನ್ನೊಂದು ಸಂಗತಿ. ಬುಖಾರಿಗೆ ಹೆಸರಾಂತ ವ್ಯಾಖ್ಯಾನ ಬರೆದ ಇಮಾಮ್ ಇಬ್ನು ಹಜರ್ ಅಸ್ಖಲಾನಿ(ರಹ್) ಪ್ಲೇಗಿನ ಬಗ್ಗೆಯೇ ಒಂದು ಗ್ರಂಥ ಬರೆದಿದ್ದಾರೆ. ಅವರ ಮೂವರು ಹೆಣ್ಣುಮಕ್ಕಳು ಪ್ಲೇಗಿಗೆ ಬಲಿಯಾಗಿದ್ದರು. ಹಿಜರಿ 833ರಲ್ಲಿ ಕೈರೋದಲ್ಲಿ ಪ್ಲೇಗ್ ಬಂದಾಗ ಜನ ಮೂರು ದಿನ ಉಪವಾಸವಿದ್ದು, ಮರುಭೂಮಿಯಲ್ಲಿ ದೊಡ್ಡ ಗುಂಪಾಗಿ ಸೇರಿ ದುಆ ಮಾಡಿದರು. ಅದಕ್ಕೆ ಮುನ್ನ ದಿನಕ್ಕೆ ನಲ್ವತ್ತಕ್ಕಿಂತ ಕಡಿಮೆ ಇದ್ದ ಸಾವು, ತಿಂಗಳು ಕಳೆಯುವಷ್ಟರಲ್ಲಿ ದಿನಕ್ಕೆ ಸಾವಿರ ದಾಟಿತು ಎಂದು ಅವರು ದಾಖಲಿಸಿದ್ದಾರೆ. ಅವರು ದುಆವನ್ನು ನಿರಾಕರಿಸಲಿಲ್ಲ, ಹಾಗೆ ಗುಂಪು ಸೇರುವುದನ್ನು ಒಪ್ಪಲಿಲ್ಲ. ರೋಗ ಹೇಗೆ ಹರಡುತ್ತದೆ ಎಂಬ ಬಗ್ಗೆ ಅವರ ವಿವರಣೆ ಇಂದಿನ ವಿಜ್ಞಾನದ್ದಲ್ಲ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಮಕ್ಕಳನ್ನು ಕಳೆದುಕೊಂಡ ಆ ತಂದೆ ಅಳುತ್ತಾ ಕೂರಲಿಲ್ಲ, ಎಣಿಸಿದರು. ಗುಂಪು ಸೇರುವ ಮೊದಲು ಎಷ್ಟು, ಆಮೇಲೆ ಎಷ್ಟು ಎಂದು ಬರೆದಿಟ್ಟರು. ಎಂಪಿಎಚ್‌ನಲ್ಲಿ ಎಪಿಡೆಮಿಯಾಲಜಿ ಎಂಬ ವಿಷಯದ ಬುನಾದಿಯೇ ಈ ಎಣಿಕೆ. ಯಾರಿಗೆ ರೋಗ ಬಂತು, ಎಲ್ಲಿ, ಯಾವಾಗ, ಮತ್ತು ಯಾರಿಗೆ ಬರಲಿಲ್ಲ.

ಇಮಾಮ್ ಗಝಾಲಿ(ರಹ್) ಇಹ್ಯಾ ಗ್ರಂಥದಲ್ಲಿ ವೈದ್ಯವಿದ್ಯೆಯನ್ನೂ ಗಣಿತವನ್ನೂ ಫರ್ಝ್ ಕಿಫಾಯ ಎಂದು ಎಣಿಸಿದ್ದಾರೆ. ಅಂದರೆ ಸಮುದಾಯದಲ್ಲಿ ಸಾಕಷ್ಟು ಜನ ಕಲಿತರೆ ಉಳಿದವರ ಹೊಣೆ ಇಳಿಯುತ್ತದೆ, ಯಾರೂ ಕಲಿಯದಿದ್ದರೆ ಎಲ್ಲರೂ ತಪ್ಪಿತಸ್ಥರು. ಎಲ್ಲರೂ ಫಿಕ್ಹ್‌ನ ವಾದವಿವಾದಕ್ಕೇ ಮುಗಿಬೀಳುತ್ತಾರೆ, ವೈದ್ಯ ಕಲಿಯುವವರಿಲ್ಲ ಎಂದು ಅವರು ತಮ್ಮ ಕಾಲದ ನಮ್ಮಂಥವರನ್ನೇ ಚುಚ್ಚಿದ್ದಾರೆ. ವೈದ್ಯವೂ ಗಣಿತವೂ ಸೇರಿದ ವಿದ್ಯೆಯೇ ಈ ಎಂಪಿಎಚ್.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ಚುಚ್ಚುಮದ್ದು. ಆಗ ವಾಟ್ಸಾಪಿನಲ್ಲಿ ಬಂದ ಸುದ್ದಿಗಳು ನಿಮಗೆ ನೆನಪಿರಬಹುದು. ಈ ಲಸಿಕೆ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಸುಳ್ಳು. ನಾನಾಗ ಬೇರೆ ಊರಿನ ಮದ್ರಸದಲ್ಲಿದ್ದೆ. ತಾಯಂದಿರು ಫೋನ್ ಮಾಡಿ, "ಉಸ್ತಾದ್, ಹಾಕಿಸಬಹುದಾ?" ಎಂದು ಕೇಳಿದರು. ಡಾಕ್ಟರರನ್ನು ಕೇಳಿ ಎಂದು ಹೇಳಿ ನುಣುಚಿಕೊಂಡೆ. ಜುಮಾದಲ್ಲಿ ಒಂದು ಮಾತೂ ಹೇಳಲಿಲ್ಲ. ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಇದು ನನ್ನ ವಿಷಯವಲ್ಲ ಎಂದು ಮನಸ್ಸಿಗೆ ಸಮಾಧಾನ ಮಾಡಿಕೊಂಡೆ. ಲಸಿಕೆಯ ದಿನ ನನ್ನ ತರಗತಿಯ ಅರ್ಧ ಬೆಂಚುಗಳು ಖಾಲಿ. ಆಶಾ ಕಾರ್ಯಕರ್ತೆ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಪಾಪ, ಅವರು ನನ್ನನ್ನೊಮ್ಮೆ ನೋಡಿದರು, ಏನೂ ಹೇಳಲಿಲ್ಲ. ಆ ನೋಟ ಇನ್ನೂ ಮರೆತಿಲ್ಲ. ಲಸಿಕೆ ಹಾಕದ ಮಕ್ಕಳು ಗಂಟಲಮಾರಿಯಿಂದ ತೀರಿಕೊಂಡ ಸುದ್ದಿ ಪಕ್ಕದ ಕೇರಳದ ಮಲಪ್ಪುರಂನಿಂದ ಆಗಷ್ಟೇ ಬಂದಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅಲ್ಲಾಹನು ಕ್ಷಮಿಸಲಿ.

ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಪೋಲಿಯೋ ಹನಿಗೂ ಇದೇ ಸುಳ್ಳು ಅಡ್ಡ ಬಂದಿತ್ತು. ಅಲ್ಲಿ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಹನಿ ಹಾಕಿಸದ ಮನೆಯ ಗೋಡೆಗೆ ಸೀಮೆಸುಣ್ಣದಿಂದ 'ಎಕ್ಸ್' ಗುರುತು ಹಾಕಿ, ಏಕೆ ಬೇಡವೆಂದರು ಎಂದು ಕೇಳಿಕೊಂಡು ಮತ್ತೆ ಮತ್ತೆ ಹೋದರು. ಅಲೀಗಢ, ಜಾಮಿಯಾ ಮಿಲ್ಲಿಯಾ, ಜಾಮಿಯಾ ಹಮ್ದರ್ದ್ ವಿಶ್ವವಿದ್ಯಾನಿಲಯಗಳು ಕೈಜೋಡಿಸಿದವು. ಮಸೀದಿಯ ಮೈಕಿನಲ್ಲಿ ಇಮಾಮರು ಘೋಷಿಸಿದರು. 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡ ಪ್ರಕರಣವೇ ದೇಶದ ಕೊನೆಯ ಪೋಲಿಯೋ ಪ್ರಕರಣವಾಯಿತು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತವೆಂದು ದೃಢೀಕರಣವೂ ಸಿಕ್ಕಿತು. ಆ ಇಮಾಮರು ಮಾಡಿದ್ದನ್ನು ನಾನು ಮಾಡಲಿಲ್ಲ.

2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹರಡಿದಾಗ ಇನ್ನೂ ಕಷ್ಟದ ಪ್ರಶ್ನೆ ಎದ್ದಿತು. ಮಯ್ಯಿತ್‌ಗೆ ಸ್ನಾನ ಮಾಡಿಸುವವರಿಗೇ ರೋಗ ಅಂಟುತ್ತಿತ್ತು. ಸ್ನಾನ ಬೇಡ ಎಂದು ಅಧಿಕಾರಿಗಳು ಬರೀ ಆಜ್ಞೆ ಹೊರಡಿಸಿದರೆ ಜನ ಕದ್ದು ದಫನ ಮಾಡುತ್ತಿದ್ದರು. ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಧಾರ್ಮಿಕ ಮುಖಂಡರ ಜೊತೆ ಕುಳಿತು, ನೀರಿನ ಬದಲು ತಯಮ್ಮುಮ್, ಕಫನ್, ಗೌರವದ ದಫನ ಎಂಬ ಕ್ರಮವನ್ನು ರೂಪಿಸಿತು. ಅಂಥ ಸಭೆಯಲ್ಲಿ ತಯಮ್ಮುಮ್ ಎಂದರೇನು, ವೈರಸ್ ಎಂದರೇನು ಎರಡೂ ಗೊತ್ತಿರುವವರು ಇರಬೇಕಲ್ಲವೇ? 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಬಂದಾಗ, 2020ರಲ್ಲಿ ಕೋವಿಡ್ ಬಂದು ಮಸೀದಿಗಳ ಬಾಗಿಲು ಮುಚ್ಚಿದಾಗ ಇದೇ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬಂತು. ಅಂಥವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಕೋರ್ಸಿನ ವಿವರ ಕೇಳಿದವರಿಗಾಗಿ ಹೇಳುತ್ತೇನೆ. ಎಂಪಿಎಚ್ ಎರಡು ವರ್ಷದ ಸ್ನಾತಕೋತ್ತರ ಪದವಿ. ವೈದ್ಯರು, ದಂತವೈದ್ಯರು, ಆಯುಷ್ ಓದಿದವರು, ನರ್ಸಿಂಗ್ ಮುಗಿಸಿದವರು ಸೇರಬಹುದು. ಹಲವು ಕಡೆ ಬೇರೆ ಪದವೀಧರರಿಗೂ ಅವಕಾಶವಿದೆ. ಒಂದೊಂದು ಸಂಸ್ಥೆಯ ನಿಯಮ ಒಂದೊಂದು ತರ, ಅರ್ಜಿ ಹಾಕುವ ಮುನ್ನ ವಿಚಾರಿಸಿ. ರೋಗಗಳ ಹರಡುವಿಕೆ, ಅಂಕಿಅಂಶ ಶಾಸ್ತ್ರ, ನೀರು ಮತ್ತು ಪರಿಸರ, ಆರೋಗ್ಯ ನೀತಿ, ಜನರ ನಡವಳಿಕೆ ಇವೆಲ್ಲ ಪಾಠಗಳು. ಜೊತೆಗೆ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ, ಕೊನೆಗೆ ಒಂದು ಸಂಶೋಧನಾ ಪ್ರಬಂಧ. ನಮ್ಮ ಪಕ್ಕದ ಮಣಿಪಾಲದಲ್ಲೇ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಅಚ್ಯುತ ಮೆನೋನ್ ಕೇಂದ್ರ ಈ ವಿಷಯದಲ್ಲಿ ಹೆಸರುವಾಸಿ. ದೊಡ್ಡ ಸಂಬಳದ ಆಸೆ ಹುಟ್ಟಿಸಿ ನಿಮ್ಮನ್ನು ಮರುಳು ಮಾಡಲಾರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹುದ್ದೆಗಳಲ್ಲಿ ಹೆಚ್ಚಿನವು ಗುತ್ತಿಗೆಯವು. ಕೆಲವು ಹುದ್ದೆಗಳಿಗೆ ವೈದ್ಯಪದವಿಯನ್ನೂ ಕೇಳುತ್ತಾರೆ. ಆದರೆ ಸಂಶೋಧನಾ ಸಂಸ್ಥೆಗಳಲ್ಲಿ, ಆಸ್ಪತ್ರೆಗಳಲ್ಲಿ, ಸೇವಾಸಂಸ್ಥೆಗಳಲ್ಲಿ ಕೆಲಸವಿದೆ.

ಹುಡುಗಿಯರಿಗೆ ಏಕೆ ಎಂದು ಕೇಳುತ್ತೀರಿ. ನಮ್ಮ ಮನೆಯ ಒಳಕೋಣೆಯವರೆಗೆ ಹೋಗಿ ಬಾಣಂತಿಯ ರಕ್ತಹೀನತೆಯ ಬಗ್ಗೆ, ಹಸುಳೆಯ ಲಸಿಕೆಯ ಬಗ್ಗೆ ಯಾರು ಮಾತಾಡಬೇಕು? ನಾನು ಹೋಗಲಿಕ್ಕಾಗುತ್ತದೆಯೇ? ಸಂಬಂಧ ಕೇಳಲು ಬಂದವರಿಗೆ ಏನು ಹೇಳುವುದು ಎಂಬ ಆ ತಂದೆಯ ಪ್ರಶ್ನೆಗೆ, ನನ್ನ ಬಳಿ ಕಳುಹಿಸಿ, ತೊಟ್ಟಿಯ ಕಥೆ ನಾನೇ ಹೇಳುತ್ತೇನೆ ಎಂದೆ. ಅವರು ನಕ್ಕರು. ಆದರೆ ಪೂರ್ತಿ ಒಪ್ಪಿರಲಿಲ್ಲ. ಎದ್ದು ಹೋಗುವಾಗ ಮೆಲ್ಲನೆ, "ಫೀಸು ಉಸ್ತಾದ್" ಎಂದರು. ನಿಜವಾದ ಅಡ್ಡಿ ಅದೇ ಆಗಿತ್ತು. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಬಡ್ಡಿ ಇದೆ, ಅವರಿಗೆ ಅದು ಬೇಡ. ಮನೆ ಮಾರಲು ಆಗುವುದಿಲ್ಲ. ಬಡ್ಡಿ ಹರಾಮ್ ಎಂದು ಈ ಮಿಂಬರಿನಿಂದ ಹೇಳುವ ನಾನು, ಬಡ್ಡಿಯಿಲ್ಲದ ದಾರಿ ಯಾವುದು ಎಂದು ಅವರಿಗೆ ತೋರಿಸದೆ ಮನೆಗೆ ಕಳುಹಿಸುವುದು ನ್ಯಾಯವೇ?

ಈ ವಿಷಯವನ್ನು ಕಮಿಟಿಯ ಮುಂದಿಟ್ಟಿದ್ದೇನೆ. ಗೇಟಿನ ಕಮಾನಿಗೆ ಎತ್ತಿಟ್ಟ ಹಣವನ್ನು ಕರ್ಝೆ ಹಸನ್ ಆಗಿ ಕೊಡೋಣ, ಕೆಲಸ ಸಿಕ್ಕ ಮೇಲೆ ಕಂತಿನಲ್ಲಿ ಮರಳಿಸಲಿ, ಅದೇ ಹಣ ಮುಂದಿನ ಮಗುವಿಗೆ ಹೋಗಲಿ ಎಂಬುದು ನನ್ನ ಸಲಹೆ. ಖಜಾಂಚಿಯವರಿಗೆ ಸಂಶಯವಿದೆ. ಕಮಾನಿಗೆಂದು ಕೊಟ್ಟವರ ಹಣವನ್ನು ಅವರ ಅನುಮತಿಯಿಲ್ಲದೆ ಬೇರೆಯದಕ್ಕೆ ಬಳಸುವಂತಿಲ್ಲ ಎನ್ನುತ್ತಾರೆ. ಅವರ ಮಾತು ಶರೀಅತಿನ ಪ್ರಕಾರ ಸರಿಯಾಗಿದೆ. ಆದ್ದರಿಂದ ಕೊಟ್ಟವರನ್ನೇ ಕೇಳುತ್ತಿದ್ದೇನೆ. ಇಂದು ನಮಾಝ್ ಮುಗಿದ ಮೇಲೆ ಆಫೀಸಿನಲ್ಲಿ ಪುಸ್ತಕ ತೆರೆದಿರುತ್ತದೆ. ಒಪ್ಪಿಗೆ ಇರುವವರು ತಮ್ಮ ಹೆಸರಿನ ಮುಂದೆ ಸಹಿ ಮಾಡಿ. ಇಲ್ಲದವರು ಹಾಗೆಯೇ ಬಿಡಿ, ಯಾರೂ ನಿಮ್ಮನ್ನು ಕೇಳುವುದಿಲ್ಲ.

ಇನ್ನೊಂದು ಪ್ರಕಟಣೆ. ಹಿಂದಿನ ತೊಟ್ಟಿಯನ್ನು ಖಾಲಿ ಮಾಡಿ ಮುಚ್ಚಿದ್ದೇವೆ. ಹೌಳಿಗೆ ಲಾರ್ವಾ ತಿನ್ನುವ ಗಪ್ಪಿ ಮೀನು ಬಿಟ್ಟಿದ್ದೇವೆ, ಮಕ್ಕಳು ಅವಕ್ಕೆ ಬಿಸ್ಕತ್ತು ಹಾಕಬಾರದು. ಆದಿತ್ಯವಾರ ಅಸರ್ ಬಳಿಕ ಯುವಕರು ಚೀಲ ತೆಗೆದುಕೊಂಡು ಬನ್ನಿ. ಓಣಿಯ ಟಯರ್, ತೆಂಗಿನ ಚಿಪ್ಪು, ಅಡಿಕೆ ಹಾಳೆ, ತೋಟದಲ್ಲಿ ಬಿಸಾಡಿದ ರಬ್ಬರ್ ಕಪ್ಪುಗಳನ್ನು ಹೆಕ್ಕಬೇಕು. ಎಲ್ಲಿಂದ ಆರಂಭಿಸಬೇಕೆಂದು ಆ ಹುಡುಗಿಯ ನಕ್ಷೆಯಲ್ಲಿದೆ. ನಕ್ಷೆಯ ಪ್ರತಿಯನ್ನು ನೋಟೀಸ್ ಬೋರ್ಡಿನಲ್ಲಿ ಅಂಟಿಸಲಾಗಿದೆ.