ಹೊಡೆಯುವ ಮುನ್ನ ಕೊಯ್ದು ನೋಡಿ



ಮನೆಯಲ್ಲಿ ಬೆಳೆದ ಆಲೂಗಡ್ಡೆ ಕೆಟ್ಟಿತೆಂದು ಬರುವವರ ಮೊದಲ ಪ್ರಶ್ನೆ, ‘ಏನು ಹೊಡೆಯಬೇಕು ಸಾರ್?’ ನಾವೂ ಅಷ್ಟೇ ಚುರುಕಾಗಿ ಔಷಧಿಯ ಹೆಸರು ಬರೆದುಕೊಟ್ಟು ಕಳಿಸುತ್ತೇವೆ. ಗೆಡ್ಡೆಯನ್ನು ಕೊಯ್ದು ನೋಡುವುದು, ನೀರು ಹಾಕಿದ ಬಗೆ ಕೇಳುವುದು ಆಮೇಲಿನ ಮಾತು. ಈ ಕ್ರಮ ತಿರುಗುಮುರುಗಾಗಬೇಕು ಎಂಬುದೇ ಇಂದಿನ ವಿಚಾರ ಸಂಕಿರಣದ ಆಶಯ.

ಎಷ್ಟೋ ದೂರುಗಳಲ್ಲಿ ರೋಗಾಣುವೇ ಇರುವುದಿಲ್ಲ. ಹೊರಗೆ ದಪ್ಪನೆಯ ಸೊಗಸಾದ ಗೆಡ್ಡೆ. ಉದ್ದಕ್ಕೆ ಸೀಳಿದರೆ ನಡುವೆ ಪೊಳ್ಳು, ಅದರ ಅಂಚಿಗೆ ಕಂದು ಬಣ್ಣ. ಹುಳು ಕೊರೆದದ್ದಲ್ಲ, ಕೊಳೆತದ್ದೂ ಅಲ್ಲ. ನೀರಿಲ್ಲದೆ ಬಾಡಿದ್ದ ಗಿಡಕ್ಕೆ ಒಮ್ಮೆಲೇ ನೀರು, ಗೊಬ್ಬರ ಸಿಕ್ಕಿ ಗೆಡ್ಡೆ ದಿಢೀರನೆ ಉಬ್ಬಿದಾಗ ಒಳಗೆ ಬಿರಿದದ್ದು. ಇದೇ ಏರುಪೇರಿಗೆ ಕೆಲವು ಗೆಡ್ಡೆ ಹೊರಗೆ ಬಿರುಕು ಬಿಡುತ್ತವೆ, ಕೆಲವು ಶುಂಠಿಯಂತೆ ಗಂಟುಗಂಟಾಗುತ್ತವೆ. ಹಸಿರು ತಿರುಗಿದ್ದರೆ ಬುಡಕ್ಕೆ ಮಣ್ಣು ಏರಿಸಿಲ್ಲ, ಬಿಸಿಲು ತಾಗಿದೆ ಎಂದರ್ಥ. ಅಂಥದರಲ್ಲಿ ಸೇರುವ ಸೊಲನೈನ್ ವಿಷ ಬೇಯಿಸಿದರೂ ಹೋಗದು, ಪಲ್ಯಕ್ಕೆ ಬೇಡ.

‘ಸೊಪ್ಪು ಸೊಂಪಾಗಿದೆ, ಕಿತ್ತರೆ ಗೋಲಿ ಗಾತ್ರ’ ಎಂಬುದು ಬೇಸಿಗೆಯಲ್ಲಿ ತಾರಸಿಯ ಮೇಲೆ ನೆಟ್ಟವರ ಗೋಳು. ಗೆಡ್ಡೆ ಚೆನ್ನಾಗಿ ಕಟ್ಟಲು ರಾತ್ರಿಯ ಉಷ್ಣತೆ 20 ಡಿಗ್ರಿಗಿಂತ ಕೆಳಗಿರಬೇಕು. ಸೆಕೆಯ ಮೇಲೆ ಯೂರಿಯಾವನ್ನೂ ಸುರಿದರೆ ಸೊಪ್ಪೇ ಫಸಲು!

ಇನ್ನು ನಿಜವಾದ ರೋಗಗಳು. ಹಾಸನದ ಮುಂಗಾರು ಬೆಳೆಗಾರರಿಗೆ ಅಂಗಮಾರಿಯ ಪರಿಚಯ ಮಾಡಿಕೊಡಬೇಕಿಲ್ಲ. 1845ರಿಂದ ಐರ್ಲೆಂಡಿನ ಬೆಳೆ ನುಂಗಿ ಬರಗಾಲ ತಂದದ್ದೂ ಇದೇ. ಮೋಡ ಕವಿದ ಬೆಳಿಗ್ಗೆ ಎಲೆ ತಿರುಗಿಸಿ ನೋಡಿ: ನೆನೆದಂತಿರುವ ಕಲೆಯ ಅಂಚಿಗೆ ಬಿಳಿ ಬೂಷ್ಟು ಕಂಡರೆ ತಡಮಾಡುವಂತಿಲ್ಲ. ಉಂಗುರ ಉಂಗುರವಾದ ಒಣ ಕಲೆ ಬೇರೆಯದು, ಅಷ್ಟು ಅವಸರದ್ದಲ್ಲ.

ಎಲೆ ಹಸಿರಾಗಿದ್ದಂತೆಯೇ ಗಿಡ ಜೋತುಬಿದ್ದರೆ ಬುಡದ ಕಾಂಡದ ತುಂಡೊಂದನ್ನು ಗಾಜಿನ ಲೋಟದ ತಿಳಿನೀರಿಗೆ ಇಳಿಬಿಡಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಯಾವ ಸಿಂಪಡಣೆಯೂ ಆ ಗಿಡವನ್ನು ಉಳಿಸದು. ಕಿತ್ತು ದೂರ ಹಾಕಬೇಕು. ಆ ಮಣ್ಣಿಗೆ ಟೊಮೆಟೊ, ಬದನೆ, ಮೆಣಸಿನ ಸಸಿಯನ್ನೂ ಇಡುವಂತಿಲ್ಲ.

ಈ ರೋಗ ತಾರಸಿಯನ್ನು ಹತ್ತುವುದು ಬಹುಮಟ್ಟಿಗೆ ಬಿತ್ತನೆ ಗೆಡ್ಡೆಯ ಜತೆಗೇ. ಅಡುಗೆಮನೆಯಲ್ಲಿ ಮೊಳೆತದ್ದನ್ನು ನೆಡಬೇಡಿ ಎಂದು ನಾವೇನೋ ಹೇಳಿಬಿಡುತ್ತೇವೆ. ಆದರೆ ಪಂಜಾಬಿನ ಜಲಂಧರದ ಬಿತ್ತನೆ ಗೆಡ್ಡೆ ಇಲ್ಲಿಗೆ ಬರುವುದು ಲಾರಿ ಲೆಕ್ಕದಲ್ಲಿ, ಸಿಗುವುದು ಮೂಟೆ ಲೆಕ್ಕದಲ್ಲಿ. ಎರಡು ಕೆ.ಜಿ. ಸಾಕೆನ್ನುವ ಮನೆಯವರು ಎಲ್ಲಿಗೆ ಹೋಗಬೇಕು? ತೋಟಗಾರಿಕೆ ಇಲಾಖೆಯವರೂ ವಿಜ್ಞಾನಿಗಳೂ ಒಂದೇ ಸೂರಿನಡಿ ಇದ್ದೀರಿ. ಮಧ್ಯಾಹ್ನದ ಗೋಷ್ಠಿ ಈ ಪ್ರಶ್ನೆಯಿಂದಲೇ ಶುರುವಾಗಲಿ ಎಂದು ಕೋರುತ್ತೇನೆ.