ವಾಸುದೇವಾಚಾರ್ಯರ ಮೂರು ನುಡಿಗಳು

ಮೈಸೂರು ವಾಸುದೇವಾಚಾರ್ಯರನ್ನು ನಾನು ಕಂಡವನಲ್ಲ. 1961ರ ಮೇ 17ರಂದು ಅವರು ತೀರಿಕೊಂಡಾಗ ನಾನಿನ್ನೂ ತೊಟ್ಟಿಲ ಕೂಸು. ಸಂಗೀತಶಾಸ್ತ್ರದಲ್ಲಿ ನನಗೆ ಪರಿಶ್ರಮವೂ ಇಲ್ಲ. ಬಾಳಿನ ಬಹುಭಾಗವನ್ನು ಕನ್ನಡ ಸಾಹಿತ್ಯದ ಪಾಠ ಹೇಳುತ್ತ ಕಳೆದವನು ನಾನು. ಆದರೂ ಈ ವಾಗ್ಗೇಯಕಾರರನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬ ಹಂಬಲ ಬಹುಕಾಲದಿಂದ ನನ್ನಲ್ಲಿದೆ. ಅದಕ್ಕೆ ಕಾರಣ ಭಕ್ತಿ ಮಾತ್ರವಲ್ಲ. ಅವರ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ, ಅದನ್ನು ಒಪ್ಪಿಕೊಳ್ಳಬೇಕಾಗಿದೆ.

1980ರಲ್ಲಿ ತೆಲುಗಿನ ‘ಶಂಕರಾಭರಣಂ’ ಚಿತ್ರ ಬಂದಾಗ ನಾವು ಕೆಲವರು ವಿದ್ಯಾರ್ಥಿನಿಲಯದಲ್ಲಿದ್ದೆವು. ಅದರಲ್ಲಿನ ‘ಬ್ರೋಚೇವಾರೆವರುರಾ’ ಎಂಬ ಖಮಾಚ್ ರಾಗದ ಕೃತಿಯನ್ನು ಗುನುಗದವರು ನಮ್ಮಲ್ಲಿ ಇರಲಿಲ್ಲ. ತೆಲುಗು ಕೃತಿ, ರಾಮನನ್ನು ಕುರಿತದ್ದು; ಆದ್ದರಿಂದ ತ್ಯಾಗರಾಜರದೇ ಇರಬೇಕೆಂದು ನಾವೆಲ್ಲ ನಂಬಿದ್ದೆವು. ಅದು ಮೈಸೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಬೆಳೆದ ವಾಸುದೇವಾಚಾರ್ಯರ ರಚನೆಯೆಂದು ಆಮೇಲೆ ತಿಳಿಯಿತು. ಮೊದಲು ಹೆಮ್ಮೆಯಾಯಿತು. ಅದರ ಬೆನ್ನಿಗೇ ಒಂದು ಮುನಿಸೂ ಹುಟ್ಟಿತು. ನಮ್ಮವರಾಗಿದ್ದೂ ಇವರು ಕನ್ನಡದಲ್ಲಿ ಏಕೆ ಹಾಡು ಕಟ್ಟಲಿಲ್ಲ?

ಕೆಲವು ವರ್ಷಗಳ ತರುವಾಯ ನಾನು ಅಧ್ಯಾಪಕನಾದೆ. 1982ರ ಗೋಕಾಕ್ ಚಳವಳಿಯ ಕಾವು ನಮ್ಮ ಎದೆಯಲ್ಲಿ ಇನ್ನೂ ಆರಿರಲಿಲ್ಲ. ಒಂದು ಕನ್ನಡ ಸಂಘದ ಸಭೆಯಲ್ಲಿ ಮಾತನಾಡುತ್ತ, ಪುರಂದರದಾಸರ ನಾಡಿನಲ್ಲಿ ಹುಟ್ಟಿ ಸುಮಾರು ಇನ್ನೂರು ರಚನೆಗಳಲ್ಲಿ ಬಹುಪಾಲನ್ನು ತೆಲುಗು, ಸಂಸ್ಕೃತಗಳಲ್ಲಿ ಮಾಡಿದ ಆಚಾರ್ಯರು ಕನ್ನಡಕ್ಕೆ ದಕ್ಕದೆಹೋದ ಸಂಪತ್ತು ಎಂದು ಆವೇಶದಿಂದ ನುಡಿದೆ. ಚಪ್ಪಾಳೆಯೂ ಬಿತ್ತು. ಸಭೆ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧ ವೈಣಿಕರೊಬ್ಬರು ಬಳಿಗೆ ಬಂದು, “ಆಚಾರ್ಯರ ‘ನೆನಪುಗಳು’ ಓದಿದ್ದೀರಾ? ‘ನಾ ಕಂಡ ಕಲಾವಿದರು’?” ಎಂದು ಮೆಲ್ಲನೆ ಕೇಳಿದರು. ನಾನು ಓದಿರಲಿಲ್ಲ. “ಕನ್ನಡದಲ್ಲೇ ಇವೆ” ಎಂದಷ್ಟೇ ಹೇಳಿ ಅವರು ಹೊರಟುಹೋದರು. ಕನ್ನಡದ ಅಧ್ಯಾಪಕನಾದ ನಾನು, ಆ ಮಹನೀಯರು ಕನ್ನಡದಲ್ಲಿ ಬರೆದುದನ್ನು ಓದದೆಯೇ, ಅವರು ಕನ್ನಡಕ್ಕೆ ಏನನ್ನೂ ಕೊಡಲಿಲ್ಲವೆಂದು ತೀರ್ಪಿತ್ತಿದ್ದೆ. ಆ ನಾಚಿಕೆಯೇ ನನ್ನನ್ನು ಅವರ ಬದುಕಿನತ್ತ ಕರೆದೊಯ್ದಿತು.

ವಾಸುದೇವಾಚಾರ್ಯರು ಹುಟ್ಟಿದ್ದು 1865ರ ಮೇ 28ರಂದು. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಮಗು ತಾಯಿಯ ತಂದೆಯ ಆಶ್ರಯದಲ್ಲಿ ಬೆಳೆಯಿತು. ಅಜ್ಜ ವಿದ್ವಾಂಸರು, ಮನೆಯ ಗಾಳಿಯೇ ಸಂಸ್ಕೃತ. ಮುಂದೆ ಮಹಾರಾಜರ ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ, ಅಲಂಕಾರಗಳ ವ್ಯಾಸಂಗ ನಡೆಯಿತು. ಜೊತೆಗೇ ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತದ ಮೊದಲ ಪಾಠಗಳು. ಹೀಗೆ ಸಂಸ್ಕೃತವು ಅವರಿಗೆ ಸಾಕಿದ ಮನೆಯ ಋಣವಾಗಿ ಬಂದಿತು.

ತೆಲುಗು ಬಂದ ದಾರಿ ಬೇರೆ. ಈ ತರುಣನಲ್ಲಿನ ಕಸುವನ್ನು ಗುರುತಿಸಿದ ಹತ್ತನೆಯ ಚಾಮರಾಜೇಂದ್ರ ಒಡೆಯರು ವೇತನ ಕೊಟ್ಟು, ತಿರುವಯ್ಯಾರಿನಲ್ಲಿದ್ದ ಪಟ್ಣಂ ಸುಬ್ರಹ್ಮಣ್ಯ ಅಯ್ಯರವರ ಬಳಿಗೆ ಕಳುಹಿಸಿದರು. ಶ್ರೀರಂಗಪಟ್ಟಣವನ್ನು ಬಳಸಿ ಹರಿದ ಕಾವೇರಿಯೇ ಮುಂದೆ ತಿರುವಯ್ಯಾರನ್ನೂ ಮುಟ್ಟುತ್ತದೆ. ಆಕೆಯ ದಂಡೆಯಲ್ಲೇ ತ್ಯಾಗರಾಜರ ಸಮಾಧಿ. ಪಟ್ಣಂ ಅವರು ಮಾನಂಬುಚಾವಡಿ ವೆಂಕಟಸುಬ್ಬಯ್ಯರ್ ಅವರ ಶಿಷ್ಯರು. ವೆಂಕಟಸುಬ್ಬಯ್ಯರ್ ಸಾಕ್ಷಾತ್ ತ್ಯಾಗರಾಜರ ಶಿಷ್ಯರು. ಗುರುಗಳ ಮನೆಯಲ್ಲಿ ಈ ಶಿಷ್ಯನ ಕಿವಿಗೆ ಬಿದ್ದುದು ಬರಿಯ ರಾಗವಲ್ಲ. ರಾಗ, ಭಾವ, ಮಾತು ಮೂರೂ ಬೆಸೆದುಕೊಂಡ ಒಂದು ಇಡಿಯಾದ ಬದುಕು ಅದು. ಅದರ ಮಾತು ತೆಲುಗಾಗಿತ್ತು.

ತೆಲುಗು ಸ್ವರಾಂತ ಭಾಷೆ, ಆದ್ದರಿಂದ ಹಾಡಿಗೆ ಒದಗುತ್ತದೆ ಎಂಬ ಸಮಾಧಾನವನ್ನು ಕೆಲವರು ಹೇಳುವುದುಂಟು. ನನಗೆ ಅದು ಸಾಲದೆನಿಸುತ್ತದೆ. ಕನ್ನಡವೂ ಸ್ವರಾಂತವೇ, ಹಾಡಿಗೆ ಒದಗುತ್ತದೆಂಬುದಕ್ಕೆ ದಾಸರ ಪದಗಳೇ ಸಾಕ್ಷಿ. ನಿಜವಾದ ಕಾರಣ ವ್ಯಾಕರಣದಲ್ಲಿಲ್ಲ, ಗುರುಕುಲದಲ್ಲಿದೆ. ಯಾವ ನುಡಿಯಲ್ಲಿ ಹಾಡು ಮೊದಲು ಒಳಗಿಳಿಯಿತೋ ಆ ನುಡಿಯಲ್ಲೇ ಅದು ಮರಳಿ ಹೊರಬಂದಿತು.

ಇದೇ ಮೈಸೂರು ಆಸ್ಥಾನದ ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ತಿರುನೆಲ್ವೇಲಿ ಸೀಮೆಯ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, ಚಾಮುಂಡೇಶ್ವರಿಯನ್ನು ಕುರಿತು 108 ಕೃತಿಗಳನ್ನು ಕನ್ನಡದಲ್ಲಿ ರಚಿಸಿದರು. ಸಾಹಿತ್ಯದಲ್ಲಿ ಅವರಿಗೆ ನೆರವಾದವರು ದೇವೋತ್ತಮ ಜೋಯಿಸರು. ತಮಿಳು ನಾಡಿನ ವಿದ್ವಾಂಸರು ಕನ್ನಡದಲ್ಲಿ, ಮೈಸೂರಿನ ವಿದ್ವಾಂಸರು ತೆಲುಗಿನಲ್ಲಿ! ಒಂದೇ ಅರಮನೆಯಲ್ಲಿ ನಡೆದ ಈ ಕೊಡುಕೊಳೆಯ ಲೆಕ್ಕವನ್ನು ನನ್ನ ಅಂದಿನ ಆವೇಶದ ತಕ್ಕಡಿಯಲ್ಲಿ ತೂಗುವುದು ಹೇಗೆ?

ಹಾಗಾದರೆ ಕನ್ನಡಕ್ಕೆ ಅವರು ಕೊಟ್ಟುದೇನು? ಆ ವೈಣಿಕರು ಹೆಸರಿಸಿದ ಎರಡು ಪುಸ್ತಕಗಳನ್ನು ಹುಡುಕಿ ತಂದು ಓದಿದಾಗ ನನಗೆ ಉತ್ತರ ದೊರೆಯಿತು. ವೀಣೆ ಶೇಷಣ್ಣ, ಸುಬ್ಬಣ್ಣ, ಬಿಡಾರಂ ಕೃಷ್ಣಪ್ಪ, ತಮ್ಮ ಗುರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಮೊದಲಾದವರನ್ನು ಅವರು ಅಲ್ಲಿ ನಮ್ಮೆದುರು ತಂದು ನಿಲ್ಲಿಸಿದ್ದಾರೆ. 1902ರಲ್ಲಿ ತೀರಿಕೊಂಡ ಪಟ್ಣಂ ಅವರ ಕಂಠವನ್ನು ಇಂದು ಯಾವ ಧ್ವನಿಮುದ್ರಿಕೆಯೂ ನಮಗೆ ಕೇಳಿಸಲಾರದು. ಅಂಥವರ ಸಂಗೀತ ಎದುರು ಕುಳಿತು ಕೇಳಿದವರ ಕಿವಿಯಲ್ಲಿ ಮಾತ್ರ ಉಳಿದಿತ್ತು. ಆ ಕಿವಿಗಳೂ ಒಂದೊಂದಾಗಿ ಇಲ್ಲವಾಗುತ್ತಿದ್ದವು. ಆಚಾರ್ಯರು ಅದನ್ನು ಕನ್ನಡದ ಗದ್ಯದಲ್ಲಿ ಕಾಪಿಟ್ಟರು. ಆ ಗದ್ಯದಲ್ಲಿ ಸಂಸ್ಕೃತ ಪಂಡಿತನ ಭಾರವಿಲ್ಲ. ಜಗುಲಿಯ ಮೇಲೆ ಕುಳಿತ ಹಿರಿಯರು ಎಲೆಯಡಿಕೆ ಹಾಕಿಕೊಳ್ಳುತ್ತ ಹೇಳುವ ಕಥನದ ಸಲಿಗೆಯಿದೆ. ನನ್ನನ್ನು ಹೆಚ್ಚಾಗಿ ತಟ್ಟಿದ್ದು ಮತ್ತೊಂದು. ಇತರರ ಹಿರಿಮೆಯನ್ನು ಬಣ್ಣಿಸುವಾಗಲೇ ಅವರ ಬರವಣಿಗೆ ಹೆಚ್ಚು ಅರಳುತ್ತದೆ. ಸ್ವತಃ ಆಸ್ಥಾನ ವಿದ್ವಾಂಸರಾಗಿದ್ದವರು, 1935ರಲ್ಲೇ ಮದರಾಸಿನ ಸಂಗೀತ ಅಕಾಡೆಮಿಯ ಮನ್ನಣೆ ಪಡೆದವರು, ತಾವು ಹಾಡಿದುದಕ್ಕಿಂತ ಕೇಳಿದುದನ್ನೇ ದೊಡ್ಡದೆಂದು ಬಗೆದರು. ದೇವರೊಡನೆ ಮಾತನಾಡಲು ಅವರಿಗೆ ತೆಲುಗು, ಸಂಸ್ಕೃತಗಳು ಬೇಕಾದವು. ತಾವು ಪ್ರೀತಿಸಿದ ಮನುಷ್ಯರನ್ನು ನೆನೆಯಲು ಕನ್ನಡವೇ ಬೇಕಾಯಿತು. ಇದು ಸಣ್ಣ ಕೊಡುಗೆಯೆ?

ಅವರ ಅಂಕಿತವನ್ನು ಗಮನಿಸಿದಾಗಲೂ ಇದೇ ಗುಣ ಕಾಣುತ್ತದೆ. ‘ವಾಸುದೇವ’ ಎಂಬುದು ಅವರ ಹೆಸರೂ ಹೌದು, ದೇವರ ಹೆಸರೂ ಹೌದು. ನಾನು ಮೊದಲು ಹೇಳಿದ ಖಮಾಚ್ ಕೃತಿಯ ಚರಣದಲ್ಲಿ ಗಜರಾಜನನ್ನು ಕಾಯ್ದ ದೇವರನ್ನು ಕರೆಯುವ ಕಡೆ ಆ ಪದ ಬರುತ್ತದೆ. ಕೇಳುವವನಿಗೆ ಅದು ದೇವರ ನಾಮವೆಂದೇ ತೋರುವುದು ಸಹಜ. ಕಟ್ಟಿದವನು ಅದರ ಹಿಂದೆ ಮರೆಯಾಗಿಬಿಡುತ್ತಾನೆ. ವಿದ್ಯಾರ್ಥಿನಿಲಯದಲ್ಲಿ ನಾವು ಆ ಕೃತಿಯನ್ನು ತ್ಯಾಗರಾಜರದೆಂದು ಬಗೆದುದು ಅಜ್ಞಾನವೇ ಸರಿ. ಆದರೆ ಆ ಮಾತು ಕಿವಿಗೆ ಬಿದ್ದಿದ್ದರೆ ಆಚಾರ್ಯರು ನೊಂದುಕೊಳ್ಳುತ್ತಿರಲಿಲ್ಲವೆಂದು ನನ್ನ ಮನಸ್ಸು ಹೇಳುತ್ತದೆ. ಪರಮಗುರುವಿನ ಗುರುವಿನ ಹೆಸರಲ್ಲವೆ ಅದು!

ಎಂಬತ್ತು ದಾಟಿದ ಮೇಲೆ ಅವರು ಮೈಸೂರು ಬಿಟ್ಟು, ರುಕ್ಮಿಣೀದೇವಿಯವರ ಕರೆಯಂತೆ ಮದರಾಸಿನ ಕಲಾಕ್ಷೇತ್ರಕ್ಕೆ ಹೋದರು. ಹೆಚ್ಚಿನವರು ಜಪಸರ ಹಿಡಿಯುವ ವಯಸ್ಸಿನಲ್ಲಿ ಅವರು ವಾಲ್ಮೀಕಿ ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತ ರಚಿಸತೊಡಗಿದರು. ಆ ಮಾಲೆಯ ಮೊದಲನೆಯದಾದ ‘ಸೀತಾ ಸ್ವಯಂವರಂ’ 1955ರಲ್ಲಿ ರಂಗವೇರಿದಾಗ ಅವರಿಗೆ ತೊಂಬತ್ತು ವರ್ಷ. ಕೃತಿ ಕಟ್ಟುವುದೇ ಬೇರೆ, ಕುಣಿಯುವ ಕಾಲಿಗೆ, ಕಥೆಯ ಓಟಕ್ಕೆ, ಪಾತ್ರದ ಮನಸ್ಸಿಗೆ ರಾಗ ಹೊಂದಿಸುವುದೇ ಬೇರೆ. ತೊಂಬತ್ತರ ಮುದುಕರು ಅದನ್ನು ಹೊಸ ಪಾಠವೆಂಬಂತೆ ಕೈಗೆತ್ತಿಕೊಂಡರು. ಬಾಲ್ಯದಲ್ಲಿ ಅಜ್ಜನ ಮನೆಯಲ್ಲಿ ಕಲಿತ ಸಂಸ್ಕೃತ ಕಡೆಗಾಲದಲ್ಲಿ ಮತ್ತೆ ಕೈಹಿಡಿಯಿತು. 1959ರಲ್ಲಿ ಪದ್ಮಭೂಷಣ ಬಂದಿತು. ತೊಂಬತ್ತಾರು ತುಂಬಲು ಹನ್ನೊಂದು ದಿನಗಳಿರುವಾಗ ಅವರು ಕಣ್ಮುಚ್ಚಿದರು. ರಾಮಾಯಣದ ಕೆಲಸ ಮುಗಿದಿರಲಿಲ್ಲ. ಅವರ ಮೊಮ್ಮಗ ರಾಜಾರಾಂ ಅವರು ಅದನ್ನು ಮುಂದುವರಿಸಿ ಪೂರ್ಣಗೊಳಿಸಿದರು. ಅಜ್ಜನಿಂದ ಮೊಮ್ಮಗನಿಗೆ ವಿದ್ಯೆ ಇಳಿಯುವುದು ಆ ವಂಶದಲ್ಲಿ ಎರಡನೆಯ ಬಾರಿ ನಡೆಯಿತು.

ನನ್ನ ಹಳೆಯ ಮುನಿಸು ಪೂರ್ತಿ ಅಳಿದಿದೆಯೆಂದರೆ ಸುಳ್ಳಾದೀತು. ಖಮಾಚಿನ ಆ ಕೃತಿಯಂಥದು ಇನ್ನಷ್ಟು ನಮ್ಮ ನುಡಿಯಲ್ಲೂ ಅವರಿಂದ ಬಂದಿದ್ದರೆ ಎಂಬ ಆಸೆ ಇಂದಿಗೂ ಒಮ್ಮೊಮ್ಮೆ ತಲೆಯೆತ್ತುತ್ತದೆ. ಆದರೆ ಆಸೆ ಬೇರೆ, ಆಪಾದನೆ ಬೇರೆ. ಅಂದು ನಾನು ಈ ಎರಡನ್ನು ಒಂದಾಗಿಸಿದ್ದೆ. ಒಬ್ಬನ ನಾಲಗೆಯ ಮೇಲೆ ತಾಯಿಯ ಹಕ್ಕಿರುವಂತೆ ಅಜ್ಜನ ಹಕ್ಕೂ, ಗುರುವಿನ ಹಕ್ಕೂ ಇರುತ್ತದೆ. ಆಚಾರ್ಯರು ಮೂವರ ಋಣವನ್ನೂ ಅವರವರ ನುಡಿಯಲ್ಲೇ ತೀರಿಸಿದರು.

ಆ ಸಭೆಯ ಮುಂದಿನ ವರ್ಷದಿಂದ ನಿವೃತ್ತನಾಗುವವರೆಗೂ, ಪ್ರತಿವರ್ಷ ಗದ್ಯದ ಪಾಠದ ನಡುವೆ ಒಂದು ದಿನ ‘ನಾ ಕಂಡ ಕಲಾವಿದರು’ ಪುಸ್ತಕದ ಕೆಲವು ಪುಟಗಳನ್ನು ತರಗತಿಯಲ್ಲಿ ಓದಿ ಹೇಳುತ್ತಿದ್ದೆ. ಅದು ಪಠ್ಯದಲ್ಲಿರಲಿಲ್ಲ, ಪರೀಕ್ಷೆಗೂ ಬರುತ್ತಿರಲಿಲ್ಲ. ಏಕೆ ಓದುತ್ತೇನೆಂದು ವಿದ್ಯಾರ್ಥಿಗಳಿಗೆ ನಾನೆಂದೂ ತಿಳಿಸಲಿಲ್ಲ. ಇಂದು ನಿಮ್ಮ ಮುಂದೆ ಹೇಳಿದ್ದೇನೆ. ಆ ವೈಣಿಕರನ್ನು ಮತ್ತೆ ಕಾಣುವ ಯೋಗ ನನಗೆ ಬರಲಿಲ್ಲ. ಅವರಿಗೆ ಸಲ್ಲಬೇಕಾದ ವಂದನೆಯೂ ಈ ಮಾತುಗಳಲ್ಲಿ ಸೇರಿದೆ.